ಸೀ ಲರ್ನಿಂಗ್ ಪಾಠಗಳು, ನಾಲ್ಕನೇ ಕ್ಲಾಸಲ್ಲಿ ಒಂದು ವರ್ಷ ಬಳಸಿದ ಮೇಲೆ (5ಕ್ಕೆ 4)

ನಾನು ಸರ್ಕಾರಿ ಶಾಲೆ ಟೀಚರ್, ನಾಲ್ಕನೇ ಕ್ಲಾಸು, 32 ಮಕ್ಕಳು. ಸೀ ಲರ್ನಿಂಗ್ ಅಂದ್ರೆ ಸೋಶಿಯಲ್, ಎಮೋಷನಲ್, ಎಥಿಕಲ್ ಲರ್ನಿಂಗ್, ಮಕ್ಕಳಿಗೆ ತಮ್ಮ ಭಾವನೆ ಸಂಭಾಳಿಸೋದು, ಬೇರೆಯವ್ರ ಬಗ್ಗೆ ಕಾಳಜಿ ಮಾಡೋದು ಕಲಿಸೋ ಪಾಠಗಳು. ಅಮೆರಿಕದ ಅಟ್ಲಾಂಟಾದಲ್ಲಿರೋ ಎಮೋರಿ ಯೂನಿವರ್ಸಿಟಿಯವ್ರು ದಲೈ ಲಾಮಾ ಜೊತೆ ಸೇರಿ ಮಾಡಿರೋ ಪಠ್ಯಕ್ರಮ ಇದು, 2019ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೇ ಬಿಡುಗಡೆ ಆಯ್ತು. ಫ್ರೀ. ಹೆಸರು ಕೊಟ್ಟು ರಿಜಿಸ್ಟರ್ ಮಾಡ್ಕೊಂಡ್ರೆ ಪುಸ್ತಕ ಸಿಗುತ್ತೆ, ಟೀಚರ್ಸ್‌ಗೆ ಅಂತ ಒಂದು ಆನ್‌ಲೈನ್ ಕೋರ್ಸೂ ಇದೆ. 5ರಿಂದ 7 ವರ್ಷದವ್ರಿಗೆ ಒಂದು, 8ರಿಂದ 10ಕ್ಕೆ ಒಂದು, ನಾನು ಬಳಸಿದ್ದು ಎರಡನೇದು, ಇಂಗ್ಲಿಷ್‌ನಿಂದ ನಾನೇ ರಾತ್ರಿ ಕೂತು ಕನ್ನಡ ಮಾಡ್ಕೊಂಡು.

ಮೊದಲನೇ ಕಷ್ಟ ಪದದ್ದು, ಪುಸ್ತಕದಲ್ಲಿರೋ 'ಕಂಪ್ಯಾಶನ್'ಗೆ ಕನ್ನಡದಲ್ಲಿ ಏನನ್ನೋದು. ಕರುಣೆ ಅಂದ್ರೆ ಮಕ್ಕಳಿಗೆ ದೇವ್ರು ನೆನಪಾಗ್ತಾನೆ, ಕನಿಕರ ಅಂದ್ರೆ 'ಅಯ್ಯೋ ಪಾಪ' ಅಂದು ಮುಂದೆ ಹೋಗೋದು. ನಮ್ಮಜ್ಜಿ ಹೇಳ್ತಿದ್ದ 'ಅಂತಃಕರಣ' ಸರಿಯಾಗಿ ಕೂತ್ಕೊಳ್ತು, ಅವಳಿಗೆ ಅಂತಃಕರಣ ಇದೆ ಅಂದ್ರೆ ನೋಡಿ ಸುಮ್ನೆ ಇರಲ್ಲ ಎದ್ದು ಏನಾದ್ರೂ ಮಾಡ್ತಾಳೆ ಅಂತ ಅರ್ಥ.

ಶುರುವಿನ ಪಾಠ, ನಿಮಗೆ ಯಾರಾದ್ರೂ ಒಳ್ಳೇದು ಮಾಡಿದ ಒಂದು ಗಳಿಗೆ ನೆನಪಿಸ್ಕೊಂಡು ಚಿತ್ರ ಬಿಡಿಸಿ ಅಂತ. ಒಬ್ಬ ಹುಡುಗ 'ನಂಗ್ಯಾರೂ ಮಾಡಿಲ್ಲ ಮಿಸ್' ಅಂತ ಖಾಲಿ ಹಾಳೆ ಕೊಟ್ಟ, ನಂಗೆ ಆಗ ಏನು ಹೇಳ್ಬೇಕೋ ತಿಳೀಲಿಲ್ಲ. ಮುಂದಿನ ವಾರ ತಾನೇ ಬಂದು, ತಾನು ಓಡಿ ಬರ್ತಿದ್ದಾಗ ತನಗೋಸ್ಕರ ಬಸ್ ನಿಲ್ಸಿದ ಕಂಡಕ್ಟರ್‌ನ ಚಿತ್ರ ಬಿಡ್ಸಿ ಕೊಟ್ಟ. ಆ ಹಾಳೆ ಇನ್ನೂ ನನ್ನ ಹತ್ರ ಇದೆ.

ಇನ್ನು ತಲೆ ಕಾದಾಗ ಏನು ಮಾಡೋದು ಅನ್ನೋ ಭಾಗ. ನೀರನ್ನ ನಿಧಾನಕ್ಕೆ ಕುಡಿಯೋದು, ಗೋಡೆ ತಳ್ಳೋದು, ರೂಮಲ್ಲಿರೋ ಬಣ್ಣಗಳ ಹೆಸರು ಹೇಳೋದು, ಹಿಂದಕ್ಕೆ ಎಣಿಸೋದು. ಇಳಿಕೆ ಕ್ರಮ ನಮ್ಮ ಗಣಿತದಲ್ಲೇ ಇದ್ಯಲ್ಲ, ಅಲ್ಲೇ ಸೇರಿಸ್ಬಿಟ್ಟೆ.

ನನ್ನ ಪ್ರಕಾರ ಈ ಪಾಠಗಳ ಜೀವ ಇರೋದೇ ಹಾಗೆ ಸೇರಿಸೋದ್ರಲ್ಲಿ. ವಾರಕ್ಕೊಂದು ಪೀರಿಯಡ್ ಪ್ರತ್ಯೇಕ ಇಟ್ಟಾಗ ಮಕ್ಕಳು ಬುದ್ಧಿಮಾತು ಅಂತ ತಲೆ ಆಡಿಸ್ತಿದ್ರು ಅಷ್ಟೆ. ಪುಸ್ತಕದಲ್ಲಿ ಒಂದು ಸ್ವೆಟರ್ ಇಟ್ಕೊಂಡು ಅದು ನಮ್ಮ ಕೈಗೆ ಬರೋಕೆ ಯಾರ್ಯಾರು ಬೇಕು ಅಂತ ಬಲೆ ತರ ಬರೆಯೋ ಚಟುವಟಿಕೆ ಇದೆ, ನಮ್ಮ ಕಡೆ ಸ್ವೆಟರ್ ಯಾರು ಹಾಕ್ತಾರೆ, ನಾನು ಬಿಸಿಯೂಟದ ತಟ್ಟೆ ಇಟ್ಟೆ. ಪರಿಸರ ಅಧ್ಯಯನದ ಪೀರಿಯಡ್ಡು. ನಾಟಿ ಮಾಡಿದವ್ರು, ಎತ್ತು, ಮಿಲ್ಲು, ಹಮಾಲಿ, ಲಾರಿ ಡ್ರೈವರ್, ಒಲೆ ಮುಂದೆ ನಿಂತಿರೋ ನಮ್ಮ ಅಡುಗೆ ಅಮ್ಮಂದಿರು, ಬೋರ್ಡ್ ತುಂಬಿ ಗೋಡೆಗೂ ಚಾರ್ಟ್ ಅಂಟಿಸ್ಬೇಕಾಯ್ತು, 'ಇಷ್ಟು ಜನಕ್ಕೂ ಥ್ಯಾಂಕ್ಸ್ ಹೇಳ್ತಾ ಕೂತ್ರೆ ಅನ್ನ ಆರೋಗುತ್ತಲ್ಲ ಮಿಸ್' ಅಂದ್ಲು ಒಬ್ಳು.

ಮಾರನೇ ದಿನ ಗಣಿತ. ಐದನೇ ಕ್ಲಾಸಿನವರೆಗೆ ಒಂದು ಮಗೂಗೆ ದಿನಕ್ಕೆ 100 ಗ್ರಾಂ ಅಕ್ಕಿ ಲೆಕ್ಕ. ಒಬ್ಬೊಬ್ರು 10 ಗ್ರಾಂ ಅಕ್ಕಿಯಷ್ಟು ಅನ್ನ ಚೆಲ್ಲಿದ್ರೆ 32 ಜನಕ್ಕೆ 320 ಗ್ರಾಂ, ಅಂದ್ರೆ ಮೂರು ಮಕ್ಕಳ ಊಟ. ಗುಣಾಕಾರ ಮುಗಿದಾಗ ಕ್ಲಾಸಲ್ಲಿ ಸದ್ದೇ ಇರ್ಲಿಲ್ಲ. ಕನ್ನಡದಲ್ಲಿ ಪತ್ರಲೇಖನಕ್ಕೆ ಯಾವಾಗ್ಲೂ ರಜಾ ಅರ್ಜಿನೇ ಬರೆಸೋದು, ಈ ಸಲ ಆ ಬಲೆಯಲ್ಲಿರೋ ಯಾರಿಗಾದ್ರೂ ಬರೀರಿ ಅಂದೆ. ಲಾರಿ ಡ್ರೈವರ್‌ಗೆ ಬಂದಿದ್ದು: 'ಅಣ್ಣ, ರಾತ್ರಿ ನಿದ್ದೆ ಬಂದ್ರೆ ಗಾಡಿ ಸೈಡಿಗೆ ಹಾಕಿ ಮಲಗಿ, ಅಕ್ಕಿ ನಾಳೆ ಬಂದ್ರೂ ಪರ್ವಾಗಿಲ್ಲ.' ಕಾಗುಣಿತ ತಪ್ಪಿತ್ತು, ನಾನು ಕೆಂಪು ಪೆನ್ನು ಮುಟ್ಲಿಲ್ಲ.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ, ಯಾವ ವಿಷಯದ ಯಾವ ಪಾಠಕ್ಕೆ ಹೇಗೆ ಜೋಡಿಸ್ಬೇಕು ಅನ್ನೋದನ್ನ ನಮ್ಮ ಪಠ್ಯಪುಸ್ತಕ ಪಕ್ಕದಲ್ಲಿಟ್ಕೊಂಡು ನಾವೇ ಹುಡುಕ್ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ. ಪಾಠಗಳಲ್ಲಿ ಕೊನೆ ಹತ್ರ ಬರೋ ಸುಮ್ನೆ ಕೂತು ಯೋಚಿಸೋ ಭಾಗನ ದಯವಿಟ್ಟು ಬಿಡ್ಬೇಡಿ, ಎರಡೇ ನಿಮಿಷ ಆದ್ರೂ ಮಾಡ್ಸಿ. ಜೂನ್‌ನಲ್ಲಿ ಶುರು ಮಾಡೋರಿದ್ರೆ ಮೊದ್ಲು ಆ ಚಿತ್ರದ ಪಾಠನೇ ತಗೊಳ್ಳಿ, ಖಾಲಿ ಹಾಳೆ ಕೊಟ್ಟವ್ರನ್ನ ಅವಸರ ಮಾಡ್ಬೇಡಿ.