ಮೋಟಾರು ಬಿಟ್ಟ ಮೇಲೆ: ಇ-ಬೈಕಿನಿಂದ ಸಾದಾ ಮೌಂಟನ್ ಬೈಕಿಗೆ ಮರಳಿದ ಹದಿನೆಂಟು ತಿಂಗಳು

2020ರ ನವೆಂಬರ್‌ನಲ್ಲಿ ಕೊಂಡ ಎಲೆಕ್ಟ್ರಿಕ್ ಮೌಂಟನ್ ಬೈಕನ್ನು ಮೂರು ವರ್ಷ, ಸುಮಾರು 8,600 ಕಿಲೋಮೀಟರ್ ಓಡಿಸಿದ ನಂತರ, 2023ರ ಡಿಸೆಂಬರ್‌ನಲ್ಲಿ ನಾನು ಮೋಟಾರಿಲ್ಲದ ಸಾದಾ ಮೌಂಟನ್ ಬೈಕಿಗೆ ಮರಳಿದೆ. ಅದರಲ್ಲಿ ಹದಿನೆಂಟು ತಿಂಗಳು, 4,200 ಕಿಲೋಮೀಟರ್ ಕ್ರಮಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಾದಾ ಸೈಕಲ್‌ನಿಂದ ಇ-ಬೈಕಿಗೆ ಹೋದವರ ಅನುಭವಗಳು ಬೇಕಾದಷ್ಟು ಸಿಗುತ್ತವೆ; ಹಿಂದಿರುಗಿ ಬಂದವರ ಅನುಭವ ನಾನು ಹುಡುಕಿದಾಗ ಸಿಗಲಿಲ್ಲ. ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುವ ನನಗೆ ಲೆಕ್ಕ ಮಾಡಿ ನೋಡುವ ಅಭ್ಯಾಸವಿರುವುದರಿಂದ ಇಲ್ಲಿ ಕೆಲವು ಅಂಕಿಗಳೂ ಬರುತ್ತವೆ.

ಮೊದಲಿಗೆ ಹಳೆಯ ಗಾಡಿಯ ವಿಚಾರ. ಅದರ ಮೋಟಾರು ಹಿಂಚಕ್ರದ ಹಬ್‌ನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲೇ ಇತ್ತು. 36 ವೋಲ್ಟ್, 10.4 ಆಂಪಿಯರ್-ಅವರ್ ಬ್ಯಾಟರಿ, ಒಟ್ಟು ತೂಕ 24 ಕಿಲೋ. 250 ವಾಟ್ ಮಿತಿಯೊಳಗಿನ ಮೋಟಾರಿದ್ದು, ಪೆಡಲ್ ತುಳಿಯುವವರಿಗೆ ಅದು ಕೊಡುವ ಸಹಾಯವನ್ನು ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ನಿಲ್ಲಿಸುವ ಇಂತಹ ಸೈಕಲ್‌ಗೆ ನಮ್ಮ ದೇಶದ ನಿಯಮಗಳ ಪ್ರಕಾರ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಿದ್ದ ನನಗೆ ಆಗ ಅದೇ ಸರಿಯಾದ ಆಯ್ಕೆಯಾಗಿತ್ತು, ಆ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಮೊದಲ ವರ್ಷ ಒಂದು ಚಾರ್ಜಿಗೆ 40 ಕಿಲೋಮೀಟರ್ ಹೋಗುತ್ತಿದ್ದ ಗಾಡಿ ಮೂರನೆಯ ವರ್ಷದ ಕೊನೆಗೆ 24ಕ್ಕೆ ಇಳಿಯಿತು. ಇದರಲ್ಲಿ ನನ್ನ ತಪ್ಪೂ ಇದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿ, ರಜೆಯ ದಿನಗಳಲ್ಲೂ ಬ್ಯಾಟರಿಯನ್ನು ತುಂಬಿಸಿಯೇ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಡುತ್ತಿದ್ದೆ. ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಯು ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ಹೊಸ ಬ್ಯಾಟರಿಗೆ 18,000 ರೂಪಾಯಿ ಕೇಳಿದರು, ತರಿಸಲು ಎರಡು ತಿಂಗಳು ಎಂದರು. ಆ ಎರಡು ತಿಂಗಳು ಕಾಯುತ್ತಿರುವಾಗಲೇ ಸಾದಾ ಸೈಕಲ್‌ನ ಯೋಚನೆ ಬಂದದ್ದು.

ಕೊಂಡದ್ದು ಹಿಂದೆ ಸಸ್ಪೆನ್ಷನ್ ಇಲ್ಲದ, ಮುಂದಿನ ಫೋರ್ಕ್ ಮಾತ್ರ ಕುಗ್ಗಿ ಏಳುವ 14 ಕಿಲೋ ತೂಕದ ಅಲ್ಯೂಮಿನಿಯಂ ಸೈಕಲ್. 27.5 ಇಂಚಿನ ಚಕ್ರ, ಶಿಮಾನೊ ಕಂಪನಿಯ ಡಿಯೋರ್ ಹತ್ತು ಗೇರು, ಮುಂದೆ ಪೆಡಲ್ ಬಳಿ 32 ಹಲ್ಲಿನ ಒಂದೇ ಚೈನ್‌ರಿಂಗ್ (ಚೈನನ್ನು ಎಳೆಯುವ ಹಲ್ಲುಚಕ್ರ), ಹಿಂದೆ 11ರಿಂದ 46 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು), ಹೈಡ್ರಾಲಿಕ್ ಡಿಸ್ಕ್ ಬ್ರೇಕು. ಬೆಲೆ 52,000 ರೂಪಾಯಿ.

ಮನೆಗೆ ತಂದ ಮರುದಿನವೇ ಚಾಮುಂಡಿ ಬೆಟ್ಟಕ್ಕೆ ಹೊರಟೆ. ತಾವರೆಕಟ್ಟೆಯಿಂದ ಏರುವ ಆ ರಸ್ತೆಯನ್ನು ಇ-ಬೈಕಿನಲ್ಲಿ ನೂರಕ್ಕೂ ಹೆಚ್ಚು ಸಲ 20 ನಿಮಿಷದಲ್ಲಿ ಹತ್ತಿದವಳು ನಾನು. ಕಾಲುಗಳಿಗೆ ಅಭ್ಯಾಸವಿದೆ, ಸ್ವಲ್ಪ ನಿಧಾನವಾದೀತು, ಅಷ್ಟೇ ಎಂದುಕೊಂಡಿದ್ದೆ. ಅಂದು ನಾಲ್ಕು ಕಡೆ ಇಳಿದು ನಿಂತು, 52 ನಿಮಿಷ ತೆಗೆದುಕೊಂಡು ಮೇಲೆ ತಲುಪಿದೆ. ತಲುಪಿದಾಗ ತೊಡೆಗಳು ನಡುಗುತ್ತಿದ್ದವು. ಮೂರು ವರ್ಷ ವಾರಕ್ಕೆ ಮೂರು ದಿನ ಪೆಡಲ್ ತುಳಿದ ಕಾಲಿಗೆ ಹೀಗೇಕಾಯಿತು ಎಂದು ಆ ದಿನವೆಲ್ಲ ಯೋಚಿಸಿದೆ.

ಉತ್ತರ ಇ-ಬೈಕಿನ ಪೆಡಲ್ ಬಳಿಯ ಪುಟ್ಟ ಸೆನ್ಸರಿನಲ್ಲಿತ್ತು. ನನ್ನದು ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಗುರುತಿಸುವ ಬಗೆಯದು. ಕ್ರ್ಯಾಂಕಿನ (ಪೆಡಲನ್ನು ಹಿಡಿದಿರುವ ತೋಳಿನ) ಜೊತೆ ಸುತ್ತುವ ಅಯಸ್ಕಾಂತಗಳನ್ನು ಅದು ಎಣಿಸುತ್ತದೆಯೇ ಹೊರತು ಕಾಲು ಎಷ್ಟು ಒತ್ತುತ್ತಿದೆ ಎಂಬುದು ಅದಕ್ಕೆ ತಿಳಿಯದು. ಕಾಲನ್ನು ಸುಮ್ಮನೆ ಆಡಿಸುತ್ತಿದ್ದರೂ ಮೋಟಾರು ತನ್ನ ಪಾಲನ್ನು ಪೂರ್ತಿಯಾಗಿ ಕೊಡುತ್ತದೆ. ಒತ್ತಡವನ್ನು ಅಳೆದು ಅದಕ್ಕೆ ತಕ್ಕಷ್ಟೇ ಸಹಾಯ ಮಾಡುವ ಟಾರ್ಕ್ ಸೆನ್ಸರಿನ ಗಾಡಿಗಳೂ ಇವೆ, ಅವುಗಳ ಬೆಲೆ ಹೆಚ್ಚು. ಅಂತಹ ಗಾಡಿಯಿಂದ ಇಳಿದವರಿಗೆ ನನ್ನಷ್ಟು ಕಷ್ಟವಾಗಲಾರದು ಎಂದು ನನ್ನ ಅಂದಾಜು. ಇ-ಬೈಕ್ ಕೊಳ್ಳುವ ಯೋಚನೆಯಲ್ಲಿರುವವರು ಬ್ಯಾಟರಿಯ ಗಾತ್ರಕ್ಕಿಂತ ಮೊದಲು ಈ ಸೆನ್ಸರ್ ಯಾವ ಬಗೆಯದು ಎಂದು ಅಂಗಡಿಯಲ್ಲಿ ಕೇಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಲೆಕ್ಕವನ್ನೂ ಹಾಕಿ ನೋಡಿದೆ. ಬೆಟ್ಟದ ಏರನ್ನು ಸುಮಾರು 300 ಮೀಟರ್ ಎಂದು ಇಟ್ಟುಕೊಳ್ಳೋಣ. ನನ್ನ ತೂಕ 60 ಕಿಲೋ. ಇ-ಬೈಕ್ ಸೇರಿ 84. ಇಷ್ಟನ್ನು ಅಷ್ಟೆತ್ತರಕ್ಕೆ ಒಯ್ಯಲು 247 ಕಿಲೋಜೂಲ್ ಬೇಕು, ಅಂದರೆ 20 ನಿಮಿಷದ ಉದ್ದಕ್ಕೂ ಸರಾಸರಿ 206 ವಾಟ್. ಟೈರಿನ ಉಜ್ಜುವಿಕೆ, ಗಾಳಿ ಇವೆಲ್ಲ ಸೇರಿದರೆ 230 ದಾಟುತ್ತದೆ. ಆಗ ನನ್ನ ಉಸಿರು ಇದ್ದ ರೀತಿಯನ್ನು ನೆನೆದರೆ, ಅದರಲ್ಲಿ ನನ್ನ ಪಾಲು 50-60 ವಾಟ್‌ಗಿಂತ ಹೆಚ್ಚಿರಲಾರದು. ಈಗ ಸಾದಾ ಸೈಕಲ್‌ನಲ್ಲಿ ಒಟ್ಟು ತೂಕ 74 ಕಿಲೋ, ಬೇಕಾದದ್ದು 218 ಕಿಲೋಜೂಲ್. ಇಳಿಯದೆ 38 ನಿಮಿಷದಲ್ಲಿ ಮೇಲೆ ಸೇರುವ ಮಟ್ಟಕ್ಕೆ ಬರಲು ನನಗೆ ಐದು ತಿಂಗಳು ಹಿಡಿಯಿತು, ಆ 38 ನಿಮಿಷದ ಲೆಕ್ಕ ಏರಿಗೆ 95 ವಾಟ್, ಉಜ್ಜುವಿಕೆ ಸೇರಿ 110ರ ಆಸುಪಾಸು. ಹತ್ತು ಕಿಲೋ ಕಡಿಮೆಯಾದದ್ದರಿಂದ ಉಳಿದದ್ದು 29 ಕಿಲೋಜೂಲ್ ಮಾತ್ರ. ಮೋಟಾರು ಕೊಡುತ್ತಿದ್ದುದು ಅದರ ಹಲವು ಪಟ್ಟು. ಹಗುರವಾದ ಸೈಕಲ್ ಕೊಂಡರೆ ಮೋಟಾರಿನ ಕೊರತೆ ತುಂಬಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಶಕ್ತಿಗಿಂತಲೂ ನಾನು ಹೆಚ್ಚು ಕಳೆದುಕೊಂಡಿದ್ದುದು ಗೇರಿನ ಅಂದಾಜನ್ನು. ಇ-ಬೈಕಿನಲ್ಲಿ ಏರು ಬಂದರೆ ಹೆಬ್ಬೆರಳಿನಿಂದ ಸಹಾಯದ ಮಟ್ಟವನ್ನು ಒಂದು ಹೆಚ್ಚಿಸುವುದು, ಇಳಿದರೆ ಒಂದು ಕಡಿಮೆ ಮಾಡುವುದು. ಗೇರು ಮಧ್ಯದಲ್ಲೆಲ್ಲೋ ನಿಂತಿರುತ್ತಿತ್ತು. ಹೊಸ ಸೈಕಲ್‌ನ ಚೈನು ಎರಡು ಸಲ ಕಡಕಡ ಎಂದು ಸಿಕ್ಕಿಕೊಂಡ ಮೇಲೆ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಸೈಕಲ್‌ನಲ್ಲಿ ಏನೂ ದೋಷವಿಲ್ಲವೆಂದು ತೋರಿಸಿ, "ಮೇಡಂ, ಏರು ಶುರುವಾಗೋಕೆ ಮುಂಚೆನೇ ಗೇರ್ ಇಳಿಸ್ಕೊಂಡ್ಬಿಡಿ. ಕಾಲಿಗೆ ಭಾರ ಬಿದ್ಮೇಲೆ ಇಳಿಸಿದ್ರೆ ಚೈನ್ ತಡ್ಕೊಳಲ್ಲ" ಎಂದರು. ಆ ಒಂದು ಮಾತಿನಿಂದ ಸವಾರಿಯೇ ಬದಲಾಯಿತು. ಈಗ ತಿರುವಿಗೆ 20 ಅಡಿ ಮುಂಚೆಯೇ ಆಚೆಗಿನ ರಸ್ತೆಯನ್ನು ನೋಡುತ್ತೇನೆ, ಕಾಲಿನ ಒತ್ತಡವನ್ನು ಒಂದು ಕ್ಷಣ ಸಡಿಲಿಸಿ ಗೇರು ಬದಲಿಸುತ್ತೇನೆ. ಅತ್ಯಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಐದೂವರೆ ಕಿಲೋಮೀಟರ್ ವೇಗ ಬರುತ್ತದೆ. ಪಕ್ಕದಲ್ಲಿ ಬೆಳಗಿನ ವಾಕಿಂಗ್ ಮಾಡುವವರಿಗಿಂತ ಸ್ವಲ್ಪವೇ ಬೇಗ. ಅಷ್ಟು ನಿಧಾನದಲ್ಲಿ ಹ್ಯಾಂಡಲ್ ಅಲುಗಾಡದಂತೆ ನೇರವಾಗಿ ಹೋಗುವುದೂ ಒಂದು ವಿದ್ಯೆ, ಅದು ಮೋಟಾರಿನ ಕಾಲದಲ್ಲಿ ನನಗೆ ಬೇಕಾಗಿಯೇ ಇರಲಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ನಾನು ನಿರೀಕ್ಷಿಸಿದ್ದಕ್ಕಿಂತ ವ್ಯತ್ಯಾಸ ಕಡಿಮೆ. ಇ-ಬೈಕಿನಲ್ಲಿ 23-24ರಲ್ಲಿ ಹೋಗುತ್ತಿದ್ದಲ್ಲಿ ಈಗ 18-20. ಇ-ಬೈಕು 25 ಮುಟ್ಟಿದೊಡನೆ ಸಹಾಯ ನಿಂತು, ಹಿಂದಿನಿಂದ ಯಾರೋ ಎಳೆದಂತಾಗುತ್ತಿತ್ತು. ಸಾದಾ ಸೈಕಲ್‌ಗೆ ಅಂತಹ ಗೋಡೆಯಿಲ್ಲದ ಕಾರಣ ಸಣ್ಣ ಇಳಿಜಾರಿನಲ್ಲಿ 30ರಲ್ಲಿ ಸಲೀಸಾಗಿ ಸಾಗುತ್ತದೆ. ಆದರೆ ಆಷಾಢದ ಗಾಳಿಯ ವಿಷಯ ಬೇರೆ. ಜೂನ್-ಜುಲೈ ತಿಂಗಳುಗಳಲ್ಲಿ ಹುಣಸೂರು ರಸ್ತೆಯಲ್ಲಿ ಇಲವಾಲದ ಕಡೆಗೆ ಹೊರಟರೆ ಪಡುವಣ ಗಾಳಿ ಎದೆಗೇ ಬಡಿಯುತ್ತದೆ, ವೇಗ 13-14ಕ್ಕೆ ಇಳಿಯುತ್ತದೆ. ಬೆಟ್ಟಕ್ಕಾದರೆ ತುದಿಯಿದೆ, ಗಾಳಿಗೆ ಇಲ್ಲ. ಆ ಎರಡು ತಿಂಗಳು ನಾನು ನಿಜವಾಗಿಯೂ ಮೋಟಾರನ್ನು ನೆನೆದೆ. ಈಗ ಗಾಳಿಗೆ ಎದುರಾಗಿ ಹೊರಟು, ಗಾಳಿಯ ಜೊತೆ ಮರಳುವಂತೆ ದಾರಿಯನ್ನು ಆರಿಸಿಕೊಳ್ಳುತ್ತೇನೆ.

ಸಾದಾ ಮೌಂಟನ್ ಬೈಕ್ ನನ್ನ ಮನಸ್ಸನ್ನು ಗೆದ್ದದ್ದು ಮಣ್ಣಿನ ದಾರಿಯಲ್ಲಿ. ಶ್ರೀರಂಗಪಟ್ಟಣದ ಆಚೆ, ಲೋಕಪಾವನಿಯು ಕಾವೇರಿಯನ್ನು ಸೇರುವ ಕಡೆ ನಿಂತಿರುವ ಕರಿಘಟ್ಟಕ್ಕೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಹೋಗಿಬರಲು ಸುಮಾರು 45 ಕಿಲೋಮೀಟರ್. ದಾರಿಯಲ್ಲಿ ನಾಲೆಯ ಏರಿ, ಕಬ್ಬಿನ ಗದ್ದೆಗಳ ನಡುವಿನ ಗಾಡಿಜಾಡು, ಆಮೇಲೆ ಗುಡ್ಡದ ಸುತ್ತ ಕುರುಚಲು ಕಾಡಿನ ಕಲ್ಲುದಾರಿ. ಇ-ಬೈಕಿನ ಮೋಟಾರು ಹಿಂಚಕ್ರದಲ್ಲಿದ್ದ ಕಾರಣ ತೂಕವೆಲ್ಲ ಹಿಂದಕ್ಕೆ ಬಿದ್ದು, ಮುಂಚಕ್ರ ಕಲ್ಲನ್ನು ದಾಟಿದರೂ ಹಿಂಚಕ್ರ ಅದಕ್ಕೆ ಧಡ್ ಎಂದು ಬಡಿಯುತ್ತಿತ್ತು. ಕಿರಿದಾದ ತಿರುವಿನಲ್ಲಿ ಪೆಡಲ್ ನಿಲ್ಲಿಸಿದರೂ ಮೋಟಾರು ಅರೆಕ್ಷಣ ಮುಂದಕ್ಕೆ ತಳ್ಳುತ್ತಿತ್ತು. ಮತ್ತೆ ತುಳಿದಾಗ ಅರೆಸುತ್ತಿನ ನಂತರ ಜಗ್ಗಿಕೊಂಡು ಹೊರಡುತ್ತಿತ್ತು. ನಾಲೆಯ ಏರಿಯ ಅಂಚಿನಲ್ಲಿ ಆ ಅರೆಕ್ಷಣ ಅಪಾಯದ್ದು. ಈಗಿನ ಸೈಕಲ್‌ನಲ್ಲಿ ಕಾಲು ನಿಂತೊಡನೆ ತಳ್ಳುವುದೂ ನಿಲ್ಲುತ್ತದೆ, ಒತ್ತಿದೊಡನೆ ಅದು ಹೊರಡುತ್ತದೆ. ಸೀಟಿನಿಂದ ಎದ್ದು ಹ್ಯಾಂಡಲ್ ಎಳೆದರೆ ಮುಂಚಕ್ರ ಏಳುತ್ತದೆ, ಮೈಯನ್ನು ಮುಂದಕ್ಕೆ ತಂದರೆ ಹಿಂಚಕ್ರ ಹಗುರವಾಗಿ ಹಿಂಬಾಲಿಸುತ್ತದೆ. ಜಲ್ಲಿಯ ಏರಿನಲ್ಲಿ ಹಿಂಚಕ್ರ ಜಾರುವ ಮುನ್ನವೇ ಅಂಗಾಲಿಗೆ ಅದರ ಸುಳಿವು ಸಿಗುತ್ತದೆ. ಮೂರು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ಈ ಸುಳಿವು ನನಗೆ ತಿಳಿದಿರಲಿಲ್ಲ. ನೇರವಾದ, ವೇಗದ ಇಳಿಜಾರಿನಲ್ಲಿ ಮಾತ್ರ 24 ಕಿಲೋದ ಗಾಡಿ ನೆಲಕ್ಕೆ ಕಚ್ಚಿಕೊಂಡು ಹೋಗುತ್ತಿತ್ತು, ಇದು ಸ್ವಲ್ಪ ಪುಟಿಯುತ್ತದೆ. ಟೈರಿನ ಗಾಳಿಯನ್ನು ಹಿಂದೆ 28, ಮುಂದೆ 25 ಪಿಎಸ್ಐಗೆ ಇಳಿಸಿದ ಮೇಲೆ ಆ ಪುಟಿತವೂ ಕಡಿಮೆಯಾಯಿತು.

ಕರಿಘಟ್ಟದ ಸುತ್ತ ಜಾಲಿಮುಳ್ಳು ಬಹಳ, ಪಂಕ್ಚರ್ ತಪ್ಪಿದ್ದಲ್ಲ. ಇ-ಬೈಕಿನಲ್ಲಿ ಹಿಂಚಕ್ರ ಪಂಕ್ಚರ್ ಆದರೆ ಮೋಟಾರಿನ ವೈರನ್ನು ಬಿಡಿಸಿ, ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿ, 18 ಮಿಲಿಮೀಟರ್ ಸ್ಪ್ಯಾನರ್‌ನಿಂದ ಎರಡು ನಟ್ಟು ಬಿಚ್ಚಿ, ಆ ಭಾರದ ಚಕ್ರವನ್ನು ಹೊರಗೆಳೆಯಬೇಕಿತ್ತು; ಒಬ್ಬಳೇ ಇದ್ದಾಗ ಮುಕ್ಕಾಲು ಗಂಟೆ. ಈಗ ಲಿವರ್ ಸಡಿಲಿಸಿದರೆ ಚಕ್ರ ಕೈಗೆ ಬರುತ್ತದೆ, ಹತ್ತು ನಿಮಿಷದಲ್ಲಿ ಟ್ಯೂಬು ಬದಲಿಸಿ ಹೊರಡುತ್ತೇನೆ. ಒಬ್ಬಂಟಿಯಾಗಿ ಊರಾಚೆ ಹೋಗುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಅದೇ ಮಾತನ್ನು ಇನ್ನೊಂದು ಕಡೆಯಿಂದಲೂ ಹೇಳಬೇಕು. ಮುಂಜಾನೆ ಐದೂವರೆಗೆ ರಿಂಗ್ ರಸ್ತೆಯಲ್ಲಿ ಬೀದಿನಾಯಿಗಳ ಗುಂಪು ಬೆನ್ನಟ್ಟಿದರೆ ಇ-ಬೈಕು ಮೂರು ಸೆಕೆಂಡಿನಲ್ಲಿ ನನ್ನನ್ನು ಅಲ್ಲಿಂದ ದಾಟಿಸುತ್ತಿತ್ತು. ಈಗ ಆ ಧೈರ್ಯವಿಲ್ಲ. ಇಳಿದು, ಸೈಕಲ್ಲನ್ನು ನಾಯಿಗೂ ನನಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯುತ್ತೇನೆ, ಹೊರಡುವ ಸಮಯವನ್ನೂ ಬೆಳಕು ಹರಿದ ಮೇಲಕ್ಕೆ ಬದಲಿಸಿಕೊಂಡಿದ್ದೇನೆ. ಬೆಟ್ಟದಲ್ಲಿ ಚಿರತೆಗಳಿರುವುದರಿಂದ ಅದು ಹೇಗೂ ಒಳ್ಳೆಯದೇ. ಕಾಲೇಜಿನ ಓಡಾಟಕ್ಕೂ ಇ-ಬೈಕೇ ಉತ್ತಮವಾಗಿತ್ತು. ಏಳು ಕಿಲೋಮೀಟರ್ ಹೋಗಿ, ಬೆವರದೆ, ಉಟ್ಟ ಚೂಡಿದಾರದಲ್ಲೇ ನೇರವಾಗಿ ತರಗತಿಗೆ ಹೋಗುತ್ತಿದ್ದೆ. ಈಗ ಬದಲಿ ಬಟ್ಟೆ ಬೇಕು, ಹದಿನೈದು ನಿಮಿಷ ಮುಂಚೆ ತಲುಪಬೇಕು, ಬೇಸಿಗೆಯಲ್ಲಿ ಅದು ಸಾಧ್ಯವೇ ಆಗದೆ ಬಸ್ಸು ಹಿಡಿಯುತ್ತೇನೆ.

ಖರ್ಚಿನ ವಿಷಯ ಚಿಕ್ಕದು. ಹದಿನೆಂಟು ತಿಂಗಳಲ್ಲಿ ಒಂದು ಚೈನು, ಎರಡು ಜೊತೆ ಬ್ರೇಕ್ ಪ್ಯಾಡು, ಒಂದು ಹಿಂದಿನ ಟೈರು, ನಾಲ್ಕು ಟ್ಯೂಬು ಸೇರಿ 6,400 ರೂಪಾಯಿ ಆಯಿತು. ಮಳೆಯಲ್ಲಿ ನೆನೆದರೂ, ಕೆಸರನ್ನು ಪೈಪಿನ ನೀರಿನಿಂದ ತೊಳೆದರೂ ಕನೆಕ್ಟರಿಗೆ ನೀರು ಹೋದೀತೆಂಬ ಭಯವಿಲ್ಲ. ಲಿಫ್ಟ್ ಕೆಟ್ಟಾಗ ಎರಡನೆಯ ಮಹಡಿಗೆ ಹೆಗಲ ಮೇಲೆ ಹೊತ್ತು ಒಯ್ಯಬಲ್ಲೆ.

ಮೊಣಕಾಲಿನ ಬಗ್ಗೆ ಕೇಳುವವರಿಗಾಗಿ: ಮೊದಲ ಆರು ವಾರ ನೋವಿತ್ತು. ಸೀಟನ್ನು ಒಂದು ಇಂಚು ಎತ್ತರಿಸಿ, ಭಾರದ ಗೇರನ್ನು ತುಳಿಯುವ ಹಟ ಬಿಟ್ಟ ಮೇಲೆ ಅದು ಹೋಯಿತು. ಆದರೂ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ನಾನು ಈ ಸೈಕಲ್ ಕೊಂಡಿದ್ದರೆ ಒಂದೇ ತಿಂಗಳಿಗೆ ಸವಾರಿಯನ್ನೇ ಬಿಟ್ಟುಬಿಡುತ್ತಿದ್ದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಾಗಿ ಚೇತರಿಸಿಕೊಳ್ಳುತ್ತಿರುವವರಿಗೆ, ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಇ-ಬೈಕನ್ನೇ ಹೇಳುತ್ತೇನೆ. ವಾರಾಂತ್ಯದಲ್ಲಿ ಮಣ್ಣಿನ ದಾರಿ ಹುಡುಕಿಕೊಂಡು ಹೋಗುವವರು ಸಾದಾ ಸೈಕಲ್ಲನ್ನೇ ಕೊಳ್ಳಲಿ. ಇ-ಬೈಕಿನಿಂದ ಬರುವವರಾದರೆ ಮೂರು ತಿಂಗಳು ಹಳೆಯ ಸಮಯಗಳ ಜೊತೆ ಹೋಲಿಸುವುದನ್ನು ಬಿಡಲಿ. ಗಡಿಯಾರ ನೋಡುವುದನ್ನು ನಿಲ್ಲಿಸಿದ ವಾರವೇ ನಾನು ಮೊದಲ ಸಲ ಎಲ್ಲೂ ಇಳಿಯದೆ ಬೆಟ್ಟ ಹತ್ತಿದ್ದು.

ಕರಿಘಟ್ಟದ ಹಿಂಬದಿಯ ಒಂದು ಕಲ್ಲುಏರನ್ನು ಮಾತ್ರ ಇಂದಿಗೂ ಇಳಿದು ತಳ್ಳಿಕೊಂಡೇ ದಾಟುತ್ತೇನೆ. ಹೆಚ್ಚೆಂದರೆ 60 ಮೀಟರ್ ಉದ್ದದ್ದು; ಇ-ಬೈಕಿನಲ್ಲಿ ಅದು ಏರೆಂದೇ ಗಮನಕ್ಕೆ ಬಂದಿರಲಿಲ್ಲ. ಕಳೆದ ಸಲ ಮುಕ್ಕಾಲು ಭಾಗದವರೆಗೆ ಹೋಗಿದ್ದೆ. ಗೇರು ಇನ್ನೂ ಸ್ವಲ್ಪ ಹಗುರವಾಗಲೆಂದು ಮುಂದಿನ 32 ಹಲ್ಲಿನ ಚೈನ್‌ರಿಂಗ್ ಬದಲಿಗೆ 30 ಹಲ್ಲಿನದನ್ನು ತರಿಸಿ ಇಟ್ಟಿದ್ದೇನೆ, ಮಳೆ ನಿಂತು ಮಣ್ಣು ಗಟ್ಟಿಯಾದ ಮೇಲೆ ಹಾಕಿಸಿಕೊಂಡು ಮತ್ತೆ ಹೋಗುವವಳಿದ್ದೇನೆ.