ಮೆಸ್ ಅಂದರೆ ‘ಅವ್ಯವಸ್ಥೆ’: ಸೈನ್ಯದ ಬದುಕು ಕಲಿಸುವ ಒಂದು ಆನ್‌ಲೈನ್ ಕೋರ್ಸ್

ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದವರಿಗೆ ಸೈನ್ಯದ ಪಾಠ ಬೇರೆ ಬೇಕಾ ಅಂತ ಹೆಂಡತಿ ನಕ್ಕಳು. ಮೈಸೂರಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿರುವ ಮಗಳು 2,400 ರೂಪಾಯಿ ಕಟ್ಟಿ ಸೇರಿಸಿಯೇ ಬಿಟ್ಟಳು. ಎಂಟು ವಾರದ ಕೋರ್ಸು. ಸೈನಿಕರ ಬದುಕನ್ನು ಮಾನವಶಾಸ್ತ್ರ, ಸಮಾಜಶಾಸ್ತ್ರ ಹೇಗೆ ನೋಡುತ್ತವೆ ಅನ್ನುವುದು ವಿಷಯ. ನಾನು ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ನಿವೃತ್ತ ಹವಾಲ್ದಾರ. ಈಗ ಅರಸೀಕೆರೆ ಹತ್ತಿರ ತೆಂಗಿನ ತೋಟ ನೋಡಿಕೊಂಡಿದ್ದೇನೆ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಪಾಠ ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡ ಬರುತ್ತೆ ಅಂತ ಜಾಹೀರಾತಿನಲ್ಲಿತ್ತು. ಬರುತ್ತೆ, ಸುಳ್ಳಲ್ಲ. ಆದರೆ ಕವಾಯತಿನ ಡ್ರಿಲ್ ಅಂದರೆ ‘ಕೊರೆಯುವುದು’, ಊಟದ ಮನೆಯ ಮೆಸ್ ಅಂದರೆ ‘ಅವ್ಯವಸ್ಥೆ’. ‘ಸೈನಿಕರು ಬೆಳಿಗ್ಗೆ ಕೊರೆದು ಅವ್ಯವಸ್ಥೆಯಲ್ಲಿ ಊಟ ಮಾಡುತ್ತಾರೆ’ ಅಂತ ಓದಿ ಅಪ್ಪ ಮಗಳು ಬಿದ್ದು ಬಿದ್ದು ನಕ್ಕೆವು. ದೂರು ಕೊಟ್ಟರೆ ‘ಧನ್ಯವಾದ’ ಅಂತ ಮೇಲ್ ಬಂತು, ಅಷ್ಟೆ. ನಾಲ್ಕು ನೇರ ತರಗತಿಗಳಲ್ಲಿ ಎರಡು ನಡೆಯಲೇ ಇಲ್ಲ.

ಪಾಠ ಮಾತ್ರ ಚೆನ್ನಾಗಿದೆ. ಎರಡನೇ ವಾರ ವಾನ್ ಗೆನೆಪ್ ಅನ್ನುವ ಮಾನವಶಾಸ್ತ್ರಜ್ಞರು 1909ರಲ್ಲಿ ಹೇಳಿದ ಮಾತು ಬಂತು. ಮದುವೆ, ಮುಂಜಿಯಂಥ ಶಾಸ್ತ್ರಗಳಲ್ಲಿ ಮೂರು ಹಂತ: ಹಳೆಯದನ್ನು ಬಿಡುವುದು, ನಡುವೆ ಇರುವುದು, ಹೊಸದಕ್ಕೆ ಸೇರುವುದು. ನನಗೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ತರಬೇತಿ ಸೆಂಟರ್‌ನ ಮೊದಲ ದಿನ ನೆನಪಾಯಿತು. ತಲೆ ಬೋಳಾಯಿತು. ಮನೆಯ ಬಟ್ಟೆ ಕಪ್ಪು ಟ್ರಂಕಿನ ತಳ ಸೇರಿತು. ಹೆಸರಿನ ಮುಂದೆ ಒಂದು ನಂಬರ್ ಬಂತು. ಪ್ರಮಾಣ ಮಾಡಿಸುವ ಕಸಂ ಪರೇಡ್ ಆಗುವವರೆಗೆ ನಾನು ಊರಿನವನೂ ಅಲ್ಲ, ಸೈನಿಕನೂ ಅಲ್ಲ. ಕಂಕಣ ಕಟ್ಟಿದ ಮದುಮಗನನ್ನು ಅದು ಬಿಚ್ಚುವವರೆಗೆ ಊರ ಗಡಿ ದಾಟಿಸಲ್ಲ, ಅಲ್ವಾ? ಅದೇ ಲೆಕ್ಕ.

ನಾಲ್ಕನೇ ವಾರದ ಪಾಠ ಮೂರು ಸಲ ನೋಡಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ಸೈನಿಕರನ್ನೇ ಪ್ರಶ್ನೆ ಕೇಳಿ ಅಧ್ಯಯನ ಮಾಡಿಸಿತ್ತು. ಮುಂದಾಳು ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್. 1949ರಲ್ಲಿ ಅದು ಅಚ್ಚಾಯಿತು. ಮಿಲಿಟರಿ ಪೊಲೀಸರಿಗೆ ಬಡ್ತಿ ಅಪರೂಪ, ವಾಯುದಳದವರಿಗೆ ಬೇಗ ಬೇಗ. ಬಡ್ತಿ ವಿಷಯದಲ್ಲಿ ಯಾರ ಗೊಣಗಾಟ ಜಾಸ್ತಿ? ವಾಯುದಳದವರದ್ದು! ಪಕ್ಕದವನಿಗೆ ಸಿಕ್ಕಿ ತನಗೆ ಸಿಗದಿದ್ದರೆ ತಾನೇ ಉರಿ. ವಿಡಿಯೊ ನಿಲ್ಲಿಸಿ ಸುಮ್ನೆ ಕೂತೆ. ನನ್ನ ಜೊತೆ ಭರ್ತಿಯಾದವನು ನನಗಿಂತ ಮೊದಲು ಬಡ್ತಿ ಸಿಕ್ಕಿ ನಾಯಕ್ ಆದ. ಎರಡು ವರ್ಷ ಲಂಗರಿನಲ್ಲಿ, ಅಂದರೆ ಊಟದ ಮನೆಯಲ್ಲಿ, ಅವನ ಪಕ್ಕ ಕೂರಲಿಲ್ಲ ನಾನು. ಇಬ್ಬರಿಗೂ ಆಗದೇ ಇದ್ದಿದ್ದರೆ ಒಟ್ಟಿಗೆ ಬೈದುಕೊಂಡು ರೊಟ್ಟಿ ತಿನ್ನುತ್ತಿದ್ದೆವು. ಹೊಟ್ಟೆಕಿಚ್ಚಿಗೆ ಇವರು ‘ರಿಲೇಟಿವ್ ಡಿಪ್ರೈವೇಷನ್’ ಅನ್ನುತ್ತಾರೆ. ಆ ರಾತ್ರಿ ಅವನಿಗೆ ಫೋನ್ ಮಾಡಿದೆ. ಕಾರಣ ಹೇಳಲಿಲ್ಲ.

ಆರನೇ ವಾರ ವಾದ ಜೋರಿತ್ತು. ಇರಾಕ್, ಅಫ್ಘಾನಿಸ್ತಾನಗಳಿಗೆ ಅಮೆರಿಕದ ಸೈನ್ಯ ಸಮಾಜ ವಿಜ್ಞಾನಿಗಳನ್ನೂ ಕರೆದುಕೊಂಡು ಹೋಯಿತು. 2007ರಲ್ಲಿ ಅಲ್ಲಿನ ಮಾನವಶಾಸ್ತ್ರಜ್ಞರ ಸಂಘವೇ ಇದು ಸರಿಯಲ್ಲ ಅಂದಿತು. ನಂಬಿ ಮಾತಾಡಿದ ಹಳ್ಳಿಯವನಿಗೆ ಅದೇ ಮಾತಿನಿಂದ ಗುಂಡು ಬೀಳಬಹುದು ಅನ್ನುವ ಭಯ. ನನಗೂ ಸಂಘದ ಮಾತೇ ಸರಿ ಅನಿಸಿತು.

ದೊಡ್ಡ ಕೊರತೆ ಅಂದರೆ ನಮ್ಮ ದೇಶದ ಸೈನ್ಯವೇ ಇಲ್ಲ. ‘ಯೋಧ ಜನಾಂಗ’ ಅನ್ನುವ ಬ್ರಿಟಿಷರ ಲೆಕ್ಕಾಚಾರಕ್ಕೆ ಒಂದೇ ನಿಮಿಷ. ದಕ್ಷಿಣದವರು ಕಾದಾಡುವವರಲ್ಲ ಅಂತ ಮದ್ರಾಸಿನ ಪದಾತಿ ಪಡೆಗಳನ್ನು ಕಡಿಮೆ ಮಾಡುತ್ತಾ ಬಂದರು, ಸ್ಯಾಪರ್‌ಗಳನ್ನು, ಅಂದರೆ ನಮ್ಮಂಥ ಇಂಜಿನಿಯರ್ ಪಡೆಯವರನ್ನು ಮಾತ್ರ ಉಳಿಸಿಕೊಂಡರು. ಅದೇ ಸ್ಯಾಪರ್‌ಗಳ ಒಬ್ಬ ಕ್ಯಾಪ್ಟನ್ 1912ರಲ್ಲಿ ಬೆಂಗಳೂರಿನಲ್ಲಿ ಮುಳ್ಳುತಂತಿ ಸಿಡಿಸುವ ಕೊಳವೆ ಮಾಡಿದ. ‘ಬೆಂಗಳೂರು ಟಾರ್ಪಿಡೊ’ ಅಂತಲೇ ಅದರ ಹೆಸರು. 1944ರಲ್ಲಿ ನಾರ್ಮಂಡಿಯ ದಡದಲ್ಲೂ ಸಿಡಿಯಿತು. ಎಲ್ಲರೂ ಒಟ್ಟಿಗೆ ಉಣ್ಣುವ ಸೈನ್ಯದ ಹಬ್ಬದೂಟ ‘ಬಡಾ ಖಾನಾ’ ಬಗ್ಗೆಯೂ ಮಾತಿಲ್ಲ. ವರ್ಷವೆಲ್ಲ ಸೆಲ್ಯೂಟ್ ಹೊಡೆಸಿಕೊಂಡ ಸಾಹೇಬರು ಅವತ್ತು ಸಾಮಾನ್ಯ ಸೈನಿಕನ ತಟ್ಟೆಗೆ ಮಟನ್ ಬಡಿಸುತ್ತಾರೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಸೆಲ್ಯೂಟ್. ಮಾನವಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಸೈನ್ಯದಲ್ಲಿದ್ದವರು, ಸಮಾಜಶಾಸ್ತ್ರ ಓದುವ ಮಕ್ಕಳು ಸೇರಬಹುದು. ಇಂಗ್ಲಿಷ್ ಅರ್ಥವಾಗದಿದ್ದರೆ ಬೇಡ.

ಐದಕ್ಕೆ ನಾಲ್ಕು ಕೊಡೋಣ ಅಂತಿದ್ದೆ. ಕೊನೆಯ ವಾರ ಹೆಂಡತಿಯೂ ಪಕ್ಕದಲ್ಲಿ ಕೂತು ನೋಡಿದಳು. ‘ಊರಲ್ಲಿ ಒಬ್ಬಳೇ ಮಕ್ಕಳು, ಅತ್ತೆ ಮಾವನ್ನ ನೋಡ್ಕೊಂಡವಳು ಇದರಲ್ಲಿ ಎಲ್ಲಿದ್ದಾಳೆ?’ ಅಂದಳು. ಹುಡುಕಿದೆ. ಸಂಸಾರದ ಬಗ್ಗೆ ಎಂಟನೇ ವಾರದಲ್ಲಿ ಹನ್ನೊಂದು ನಿಮಿಷ ಇತ್ತು. ಮೂರೂವರೆ. ಆ ಅರ್ಧ ಕಳೆದದ್ದು ಅವಳು.