ಫುಟಿಂಗ್ ಹೆಸರನ್ನು ಪೇಪರ್ ಸ್ಪೇಸ್‌ನಲ್ಲಿ ಬರೆದು ಕೆಟ್ಟೆ

ಸೈಟಿನಲ್ಲಿ ಕಂಬಿ ಕಟ್ಟುತ್ತಿದ್ದಾಗ ಫೋನ್ ಬಂತು. "ಸರ್, ಮೂಲೆ ಕಾಲಂಗೆ ಎಫ್3 ಅಂತಿದೆ. ಅಷ್ಟು ದೊಡ್ಡ ಫುಟಿಂಗ್ ಹಾಕಿದ್ರೆ ಗಡಿ ದಾಟುತ್ತಲ್ಲಾ?"

ಎಫ್1, ಎಫ್3 ಅಂದರೆ ಕಾಲಂ ಕೆಳಗಿನ ಅಡಿಪಾಯಕ್ಕೆ, ಅಂದರೆ ಫುಟಿಂಗ್‌ಗೆ, ಕೊಟ್ಟ ಹೆಸರು. ಮೂಲೆಗೆ ನಾನು ಕೊಟ್ಟಿದ್ದು ಎಫ್1. ಆಟೋಕ್ಯಾಡ್ ಫೈಲ್ ತೆರೆದೆ. ಮಾಡೆಲ್‌ನಲ್ಲಿ, ಅಂದರೆ ಕಟ್ಟಡವನ್ನು ನಿಜ ಅಳತೆಯಲ್ಲಿ ಬರೆಯುವ ಜಾಗದಲ್ಲಿ, ಕಾಲಂ, ಗ್ರಿಡ್ (ಕಾಲಂ ಸಾಲುಗಳ ಗೆರೆ) ಎಲ್ಲ ಸರಿ. ಪ್ರಿಂಟ್ ಹಾಳೆ ಜೋಡಿಸುವ ಲೇಔಟ್‌ಗೆ ಹೋದರೆ ಎದೆ ಧಸಕ್ಕೆಂದಿತು. ಒಂದೊಂದು ಹೆಸರೂ ಪಕ್ಕದ ಕಾಲಂ ಹತ್ತಿರ ಕೂತಿತ್ತು.

ತಪ್ಪು ನನ್ನದೇ. ಪ್ಲಾನ್ 1:100. ಮಾಡೆಲ್‌ನಲ್ಲಿ ಬರೆದರೆ 2.5 ಮಿ.ಮೀ. ಅಕ್ಷರಕ್ಕೆ 250 ಅಂತ ಎತ್ತರ ಕೊಡಬೇಕು. ಅದೇ ಪ್ಲಾನನ್ನು 1:50ರ ವ್ಯೂಪೋರ್ಟ್‌ನಲ್ಲಿ (ಹಾಳೆಯಲ್ಲಿ ಮಾಡೆಲ್ ಕಾಣಿಸುವ ಕಿಟಕಿ) ತೋರಿಸಿದರೆ ಅಕ್ಷರ 5 ಮಿ.ಮೀ. ಆಗಿ ಊದಿಕೊಳ್ಳುತ್ತೆ. ಆ ರಗಳೆಯೇ ಬೇಡವೆಂದು ಹೆಸರುಗಳನ್ನೆಲ್ಲ ಪೇಪರ್ ಸ್ಪೇಸ್‌ನಲ್ಲಿ, ಅಂದರೆ ಲೇಔಟ್‌ನ ಹಾಳೆಯ ಮೇಲೆಯೇ, ಬರೆದಿದ್ದೆ. ವ್ಯೂಪೋರ್ಟ್ ಲಾಕ್ ಮಾಡಿರಲಿಲ್ಲ. ಕೊನೆ ಗಳಿಗೆಯಲ್ಲಿ ಎಡಕ್ಕೊಂದು ಗ್ರಿಡ್ ಸೇರಿಸಬೇಕಾಯಿತು. ಜಾಗಕ್ಕಾಗಿ ಸಹೋದ್ಯೋಗಿ ವ್ಯೂಪೋರ್ಟ್ ಒಳಗೆ ಹೋಗಿ ಪ್ಯಾನ್ ಮಾಡಿದರು. ಪ್ಲಾನ್ ಸರಿಯಿತು, ಹೆಸರುಗಳು ಇದ್ದಲ್ಲೇ ಉಳಿದವು. ಅರ್ಧ ಅಂಕಣ, ಅಂದರೆ ಎರಡು ಕಾಲಂಗಳ ನಡುವಿನ ಅಂತರದ ಅರ್ಧ, ಸರಿದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಸರಿದದ್ದು ಸರಿಯಾಗಿ ಒಂದು ಅಂಕಣ, ಅಂಕಣಗಳೆಲ್ಲ ಒಂದೇ ಅಳತೆ. ಪ್ರಿಂಟ್ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು!

ಕಾಂಕ್ರೀಟ್ ಬಿದ್ದಿರಲಿಲ್ಲ, ಬದುಕಿದೆ. ಕಟ್ಟಿದ ಕಂಬಿ ಮಾತ್ರ ಬಿಚ್ಚಿಸಬೇಕಾಯಿತು. ಆ ವಾರವೇ ಪ್ಲಂಬಿಂಗ್ ಡ್ರಾಯಿಂಗ್ ಮಾಡುವವರದೂ ದೂರು: "ನಿಮ್ಮ ಫೈಲ್ ಎಕ್ಸ್‌ರೆಫ್ ಹಾಕಿದ್ರೆ ಒಂದು ಫುಟಿಂಗ್‌ಗೂ ಹೆಸರಿಲ್ಲ." ಎಲ್ಲಿಂದ ಇರಬೇಕು? ಎಕ್ಸ್‌ರೆಫ್‌ನಲ್ಲಿ, ಅಂದರೆ ಒಂದು ಫೈಲನ್ನು ಇನ್ನೊಂದಕ್ಕೆ ಜೋಡಿಸಿ ತೋರಿಸುವಾಗ, ಬರುವುದು ಮಾಡೆಲ್ ಸ್ಪೇಸ್ ಮಾತ್ರ.

ಆದ್ದರಿಂದ ಫುಟಿಂಗ್ ಹೆಸರು, ಲೆವೆಲ್, ಕಂಬಿಯ ವಿವರ, ಪೈಪಿನ ಇಳಿಜಾರು, ಹೀಗೆ ಒಂದು ವಸ್ತುವಿಗೆ ಸೇರಿದ್ದೆಲ್ಲ ಮಾಡೆಲ್‌ನಲ್ಲಿ ಆ ವಸ್ತುವಿನ ಪಕ್ಕದಲ್ಲೇ ಇರಲಿ. ಟೈಟಲ್ ಬ್ಲಾಕ್, ಜನರಲ್ ನೋಟ್ಸ್, ರಿವಿಷನ್ ಪಟ್ಟಿ ಹಾಳೆಗೆ ಸೇರಿದವು, ಅವು ಪೇಪರ್‌ನಲ್ಲಿರಲಿ. ಡೈಮೆನ್ಷನ್ ಆದರೆ ಪೇಪರ್‌ನಲ್ಲಿದ್ದರೂ ಮಾಡೆಲ್‌ನ ಬಿಂದುವಿಗೆ ಅಂಟಿಕೊಂಡಿರಬಲ್ಲದು, ಬರೀ ಟೆಕ್ಸ್ಟ್‌ಗೆ ಆ ಭಾಗ್ಯವಿಲ್ಲ.

ಎತ್ತರದ ತಲೆನೋವಿಗೆ ಆಟೋಕ್ಯಾಡ್ 2008ರಿಂದಲೇ ಅನೊಟೇಟಿವ್ ಟೆಕ್ಸ್ಟ್ ಇದೆ. 2.5 ಅಂತ ಒಮ್ಮೆ ಕೊಟ್ಟರೆ ಯಾವ ಸ್ಕೇಲಿನಲ್ಲೂ ಅಷ್ಟೇ ಬರುತ್ತೆ. ಆದರೆ ಬೇಕಾದ ಪ್ರತಿ ಸ್ಕೇಲನ್ನೂ ಆ ಟೆಕ್ಸ್ಟ್‌ಗೆ ಸೇರಿಸಿರಬೇಕು, ಇಲ್ಲದಿದ್ದರೆ ಪ್ರಿಂಟ್‌ನಲ್ಲಿ ಹೆಸರೇ ಮಾಯವಾದೀತು.

ಈಗಾಗಲೇ ಪೇಪರ್‌ನಲ್ಲಿ ಬರೆದುಬಿಟ್ಟಿದ್ದರೆ ಚೇಂಜ್ ಸ್ಪೇಸ್ ಕಮಾಂಡ್ ಅದನ್ನು ಮಾಡೆಲ್‌ಗೆ ಸಾಗಿಸುತ್ತೆ, ಎತ್ತರವನ್ನೂ ತಾನೇ ಹೊಂದಿಸುತ್ತೆ. ಅದಕ್ಕೆ ಮೊದಲು ವ್ಯೂಪೋರ್ಟ್ ಒಳಗಿನ ಪ್ಲಾನ್ ಮೊದಲಿದ್ದ ಜಾಗದಲ್ಲೇ ಇದೆಯಾ ನೋಡಿ. ಪ್ಯಾನ್ ಆಗಿರುವಾಗ ಸಾಗಿಸಿದರೆ ತಪ್ಪು ಹೆಸರು ತಪ್ಪು ಕಾಲಂ ಪಕ್ಕದಲ್ಲೇ ಕಾಯಂ ಆಗಿಬಿಡುತ್ತೆ.